ಓದುಗರ ಪ್ರಶ್ನೆ: ಹತ್ತನೇ ನಂಬರಿನ ಹೊಮಾರೆ ಸಾವಾ

ಕಳೆದ ಸಂಚಿಕೆಯಲ್ಲಿ ಒಬ್ಬ ಓದುಗರಿಗೆ ಉತ್ತರ ಕೊಡುವಾಗ ಜಪಾನಿನ ಫುಟ್‌ಬಾಲ್ ಆಟಗಾರ್ತಿ ಹೊಮಾರೆ ಸಾವಾ ಅವರ ಹೆಸರು ಎರಡೇ ಸಾಲಲ್ಲಿ ಬಂದಿತ್ತು. ಆಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಅವರ ಬಗ್ಗೆಯೇ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟಿದ್ದೇನೆ. ಇಷ್ಟಪಟ್ಟು ಮಾತಾಡುವ ವಿಷಯ ಸಿಕ್ಕಿದೆ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಮೇಡಂ, 2011ರ ವಿಶ್ವಕಪ್ ಫೈನಲ್‌ನಲ್ಲಿ ಸಾವಾ ಹೊಡೆದ ಗೋಲನ್ನು ಮೊಬೈಲ್‌ನಲ್ಲಿ ನೋಡಿದೆ. ಕಾಲಿಗೆ ತಾಗಿ ಒಳಗೆ ಹೋಯ್ತು, ಬರೀ ಲಕ್ ಅಂತಾನೆ ನಮ್ಮಣ್ಣ. ನೀವೇನಂತೀರಿ?
– ಪಿಯುಸಿ ವಿದ್ಯಾರ್ಥಿನಿ, ದಾವಣಗೆರೆ

ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ವಿಡಿಯೊವನ್ನು ನಿಧಾನ ಮಾಡಿ ಇನ್ನೊಂದು ಸಲ ನೋಡಮ್ಮ. ಚೆಂಡನ್ನು ನೋಡಬೇಡಿ. ಮೈದಾನದ ಮೂಲೆಯಿಂದ ಕಾರ್ನರ್ ಹೊಡೆಯುವ ಮೊದಲು ಹತ್ತನೇ ನಂಬರಿನವರು, ಅಂದರೆ ಸಾವಾ, ಎಲ್ಲಿದ್ದಾರೆ, ಅಲ್ಲಿಂದ ಎಲ್ಲಿಗೆ ಓಡುತ್ತಾರೆ ಅನ್ನುವುದನ್ನಷ್ಟೇ ನೋಡಿ.

ಅದು ಜುಲೈ 17, ಜರ್ಮನಿಯ ಫ್ರಾಂಕ್‌ಫರ್ಟ್. ಸ್ಟೇಡಿಯಂನಲ್ಲಿ 48 ಸಾವಿರಕ್ಕೂ ಜಾಸ್ತಿ ಜನ. ನಮಗೆ ಇಲ್ಲಿ ಆಗಲೇ ಮಧ್ಯರಾತ್ರಿ ದಾಟಿತ್ತು. ಮನೆಯವರೆಲ್ಲ ಮಲಗಿದ್ದರು ಅಂತ ನಾನು ಟಿವಿ ಸೌಂಡ್ ಪೂರ್ತಿ ಕಡಿಮೆ ಮಾಡಿ ನೋಡಿದ್ದೆ. ಎದುರಾಳಿ ಅಮೆರಿಕ. ಅದಕ್ಕೂ ಮೊದಲು ಆ ತಂಡದ ವಿರುದ್ಧ ಜಪಾನ್ 25 ಸಲ ಆಡಿತ್ತು, ಒಂದು ಸಲವೂ ಗೆದ್ದಿರಲಿಲ್ಲ. 69ನೇ ನಿಮಿಷದಲ್ಲಿ ಅಮೆರಿಕದ ಅಲೆಕ್ಸ್ ಮಾರ್ಗನ್ ಗೋಲು ಹೊಡೆದರು. 81ರಲ್ಲಿ ಜಪಾನಿನ ಅಯಾ ಮಿಯಾಮಾ ಸಮ ಮಾಡಿದರು. ಎಕ್ಸ್‌ಟ್ರಾ ಟೈಮ್‌ನಲ್ಲಿ, 104ನೇ ನಿಮಿಷಕ್ಕೆ, ಅಬಿ ವಾಂಬಾಕ್ ತಲೆಯಿಂದ ಹೊಡೆದು ಮತ್ತೆ ಅಮೆರಿಕವನ್ನು ಮುಂದೆ ತಂದರು. ಅಲ್ಲಿಗೆ ಮುಗೀತು ಅಂದುಕೊಂಡವರೇ ಹೆಚ್ಚು.

117ನೇ ನಿಮಿಷಕ್ಕೆ ಜಪಾನಿಗೆ ಎಡಗಡೆ ಕಾರ್ನರ್ ಸಿಕ್ಕಿತು. ಅಮೆರಿಕದವರು ಎತ್ತರದ ಆಳುಗಳು. ಮಧ್ಯಕ್ಕೆ ಎತ್ತರವಾಗಿ ಚೆಂಡು ಹಾಕಿದರೆ ಅದು ಅವರ ಪಾಲೇ. ಅದು ಗೊತ್ತಿದ್ದೇ ಮಿಯಾಮಾ ಹತ್ತಿರದ ಕಂಬದ ಕಡೆಗೆ ಹೊಡೆದರು. ಸಾವಾ ತಮ್ಮನ್ನು ಕಾಯುತ್ತಿದ್ದವರನ್ನು ಹಿಂದೆ ಬಿಟ್ಟು ಅಡ್ಡಲಾಗಿ ನುಗ್ಗಿ, ಎಲ್ಲರಿಗಿಂತ ಮೊದಲು ಆ ಜಾಗ ಸೇರಿದರು. ಬಲಗಾಲಿನ ಹೊರಗಡೆಯಿಂದ ಚೆಂಡಿನ ದಿಕ್ಕನ್ನು ಹಿಂದಕ್ಕೆ ತಿರುಗಿಸಿದರು. ಗೋಲಿಗೆ ಮುಖ ಮಾಡಿ ನಿಂತು ಹೊಡೆದ ಹೊಡೆತ ಅಲ್ಲ ಅದು. ಗೋಲು ಎಲ್ಲಿದೆ ಅನ್ನುವುದು ಮೈಗೇ ಗೊತ್ತಿದ್ದವರ ಹೊಡೆತ. ಆಗ ಅವರಿಗೆ 32 ವರ್ಷ, ಅದು ಐದನೇ ವಿಶ್ವಕಪ್. 116 ನಿಮಿಷ ಓಡಿದ ಕಾಲು ಅಷ್ಟು ಬೇಗ ಅಲ್ಲಿಗೆ ತಲುಪಿತಲ್ಲ, ಅದನ್ನು ಲಕ್ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

2–2ರ ಸಮದಲ್ಲೇ ಆಟ ಮುಗಿದು ಪೆನಾಲ್ಟಿಗೆ ಹೋಯಿತು. ಅದರಲ್ಲಿ ಜಪಾನಿನ ಗೋಲ್‌ಕೀಪರ್ ಅಯುಮಿ ಕೈಹೊರಿ ಎರಡನ್ನು ತಡೆದರು. ಅಮೆರಿಕದ ಕಾರ್ಲಿ ಲಾಯ್ಡ್ ಹೊಡೆದದ್ದು ಮೇಲೆ ಹೋಯಿತು. ಕೊನೆಯದನ್ನು 20 ವರ್ಷದ ಸಾಕಿ ಕುಮಗಾಯ್ ಒಳಗೆ ಹಾಕಿದರು. 3–1. ಗಂಡಸರಲ್ಲಾಗಲಿ ಹೆಂಗಸರಲ್ಲಾಗಲಿ, ಹಿರಿಯರ ಫುಟ್‌ಬಾಲ್ ವಿಶ್ವಕಪ್ ಗೆದ್ದ ಮೊದಲ ಏಷ್ಯಾ ದೇಶ ಜಪಾನ್. ಆ ಟೂರ್ನಿಯಲ್ಲಿ ಐದು ಗೋಲು ಹೊಡೆದ ಸಾವಾ ಅವರಿಗೆ ಅತಿ ಹೆಚ್ಚು ಗೋಲಿನ ಪ್ರಶಸ್ತಿ, ಅತ್ಯುತ್ತಮ ಆಟಗಾರ್ತಿ ಪ್ರಶಸ್ತಿ, ಎರಡೂ ಬಂದವು. ಅವರು ಮುಂದೆ ನಿಂತು ಗೋಲು ಹೊಡೆಯುವವರಲ್ಲ, ಮಿಡ್‌ಫೀಲ್ಡರ್. ಅದನ್ನೂ ಅಣ್ಣನಿಗೆ ಹೇಳು.

ಸಾವಾ 12ನೇ ವಯಸ್ಸಿಗೇ ದೊಡ್ಡವರ ಲೀಗ್‌ನಲ್ಲಿ ಆಡಿದರು ಅಂತ ಓದಿದೆ. ನಿಜವೇ? ನನ್ನ ಮಗಳಿಗೂ ಈಗ 12. ಬೀದಿಯ ಹುಡುಗರ ಜೊತೆ ಆಡುತ್ತಾಳೆ. ಬಿಡಬೇಕೋ ಬೇಡವೋ ಅಂತ ಮನೆಯಲ್ಲಿ ದಿನಾ ಮಾತು.
– ಗೃಹಿಣಿ, ಹುಬ್ಬಳ್ಳಿ

ನಿಜ. ಸಾವಾ ಹುಟ್ಟಿದ್ದು 1978ರ ಸೆಪ್ಟೆಂಬರ್ 6ರಂದು, ಟೋಕಿಯೊದ ಪಶ್ಚಿಮಕ್ಕಿರುವ ಫುಚು ಅನ್ನುವ ಊರಲ್ಲಿ. ಅವರಿಗಿಂತ ಒಂದು ವರ್ಷ ದೊಡ್ಡ ಅಣ್ಣ ಫುಟ್‌ಬಾಲ್ ಆಡುತ್ತಿದ್ದ. ಅಣ್ಣನ ಹಿಂದೆ ಹೋಗಿ ತಂಗಿಯೂ ಶುರು ಮಾಡಿದಳು. ಊರಿನ ಹುಡುಗರ ತಂಡದಲ್ಲೇ ಬೆಳೆದದ್ದು. 1991ರಲ್ಲಿ ಟೋಕಿಯೊದ ಯೋಮಿಯುರಿ ಬೆಲೆಜಾ ತಂಡ ಅವರನ್ನು ಮಹಿಳೆಯರ ಲೀಗ್‌ನಲ್ಲಿ ಇಳಿಸಿದಾಗ 13 ಇನ್ನೂ ತುಂಬಿರಲಿಲ್ಲ. 15ಕ್ಕೆ ದೇಶದ ತಂಡ. 1993ರ ಡಿಸೆಂಬರ್‌ನಲ್ಲಿ ಫಿಲಿಪ್ಪೀನ್ಸ್ ವಿರುದ್ಧ ಮೊದಲ ಪಂದ್ಯ, ಅದರಲ್ಲೇ ನಾಲ್ಕು ಗೋಲು.

ಮಗಳನ್ನು ಬಿಡಿ ಅಂತಲೇ ನಾನು ಹೇಳುವುದು. ನಾನು ಬಹಳ ವರ್ಷ ಶಾಲೆಯಲ್ಲಿ ಪಿಟಿ ಟೀಚರ್ ಆಗಿದ್ದವಳು. ಹುಡುಗರ ಜೊತೆ ಆಡಿದ ಹುಡುಗಿಗೆ ಒಂದು ಅಭ್ಯಾಸ ಬಂದಿರುತ್ತದೆ. ಚೆಂಡು ಬರುವ ಮೊದಲೇ ತಲೆ ಎತ್ತಿ ಅಕ್ಕಪಕ್ಕ ನೋಡಿರುತ್ತಾಳೆ, ಯಾಕಂದ್ರೆ ಬಂದ ಮೇಲೆ ನೋಡುತ್ತಾ ನಿಂತರೆ ತಳ್ಳಿ ಬೀಳಿಸುತ್ತಾರೆ. ಸಾವಾ ಆಟದಲ್ಲಿ ಕೊನೆಯವರೆಗೂ ಅದು ಕಾಣುತ್ತಿತ್ತು. ಮೊಣಕಾಲು ತರಚಿದರೆ ವಾಸಿಯಾಗುತ್ತದೆ. ಆದರೆ ಒಳ್ಳೆಯ ಬೂಟು ಕೊಡಿಸಿ, ಅಣ್ಣನದೋ ಅಪ್ಪನದೋ ಹಳೆಯ ಸಡಿಲ ಬೂಟಿನಲ್ಲಿ ಆಡಿಸಬೇಡಿ.

ಆಗಿನ ಕಾಲದಲ್ಲಿ ಹೆಣ್ಣುಮಕ್ಕಳು ಫುಟ್‌ಬಾಲ್ ನಂಬಿಕೊಂಡು ಬದುಕಲು ಆಗುತ್ತಿತ್ತೇ? ಅವರ ಸಂಬಳ, ಕೆಲಸದ ಬಗ್ಗೆ ತಿಳಿಸಿ.
– ಬ್ಯಾಂಕ್ ಉದ್ಯೋಗಿ, ಮೈಸೂರು

ಇದು ನಾನು ಕಾಯುತ್ತಿದ್ದ ಪ್ರಶ್ನೆ. ಗೋಲಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಆ ಗೋಲು ಹೊಡೆಯುವ ದಿನದವರೆಗೆ ಅವರು ಆಟದಲ್ಲಿ ಉಳಿದದ್ದು ಹೇಗೆ ಅಂತ ಯಾರೂ ಕೇಳುವುದಿಲ್ಲ.

ಜಪಾನಿನ ಮಹಿಳಾ ಲೀಗ್ ಶುರುವಾದದ್ದು 1989ರಲ್ಲಿ. ಆಗ ಅಲ್ಲಿನ ಕಂಪನಿಗಳ ಕೈಯಲ್ಲಿ ದುಡ್ಡು ಧಾರಾಳವಾಗಿತ್ತು. ಕಂಪನಿಗಳೇ ತಂಡ ಕಟ್ಟಿದವು. ನಾರ್ವೆಯ ಹೆಗೆ ರೀಸೆ, ಲಿಂಡಾ ಮೆದಾಲೆನ್ ಅವರಂಥ ದೊಡ್ಡ ಆಟಗಾರ್ತಿಯರು ಜಪಾನಿಗೆ ಬಂದು ಆಡಿದರು. ಆಮೇಲೆ ಆರ್ಥಿಕತೆ ಕುಸಿಯಿತು. ಕಂಪನಿಗಳು ಖರ್ಚು ಕಡಿಮೆ ಮಾಡಲು ಹೊರಟಾಗ ಮೊದಲು ಕತ್ತರಿ ಬಿದ್ದದ್ದು ಇಂಥ ತಂಡಗಳಿಗೆ. ನಿಕ್ಕೊ ಸೆಕ್ಯುರಿಟೀಸ್ ಕಂಪನಿಯ ತಂಡ 1996, 97, 98 ಮೂರೂ ವರ್ಷ ಲೀಗ್ ಗೆದ್ದಿತ್ತು. ಅದನ್ನೂ ಮುಚ್ಚಿದರು. ಗೆದ್ದರೂ ಉಳಿಗಾಲವಿಲ್ಲ ಅಂದರೆ ಆಡುವವರ ಮನಸ್ಸಿಗೆ ಹೇಗಾಗಿರಬೇಡ! ಅದರ ಮೇಲೆ 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಜಪಾನ್ ಅರ್ಹತೆಯನ್ನೇ ಪಡೆಯಲಿಲ್ಲ.

1999ರಲ್ಲಿ, 20ನೇ ವಯಸ್ಸಿಗೆ, ಸಾವಾ ಓದುತ್ತಿದ್ದ ಕಾಲೇಜು ಬಿಟ್ಟು ಅಮೆರಿಕಕ್ಕೆ ಹೋದರು. ಆಗ ಅಲ್ಲೂ ಹೆಂಗಸರ ವೃತ್ತಿಪರ ಲೀಗ್ ಇರಲಿಲ್ಲ. ಮೊದಲು ಡೆನ್ವರ್‌ನ ಒಂದು ತಂಡದಲ್ಲಿ ಆಡಿದರು. 2001ರಲ್ಲಿ ವೃತ್ತಿಪರ ಲೀಗ್ ಶುರುವಾದಾಗ ಅಟ್ಲಾಂಟಾ ಬೀಟ್ ತಂಡ ಸೇರಿದರು. ಮೂರೇ ವರ್ಷಕ್ಕೆ, 2003ರಲ್ಲಿ, ಆ ಲೀಗ್ ಮುಚ್ಚಿತು. ಟೋಕಿಯೊಗೆ ವಾಪಸ್ ಬಂದು ಹಳೆಯ ಬೆಲೆಜಾದಲ್ಲೇ ಆಡಿದರು. 2009ರಲ್ಲಿ ಅಮೆರಿಕದಲ್ಲಿ ಇನ್ನೊಂದು ಲೀಗ್ ಶುರುವಾಯಿತು, ಮತ್ತೆ ಹೋದರು. ಈ ಸಲ ವಾಷಿಂಗ್ಟನ್ ಫ್ರೀಡಂ. ಎರಡು ಸೀಸನ್ ಆಡಿ ವಾಪಸ್ ಬಂದು 2011ರಲ್ಲಿ ಜಪಾನಿನ ಐನಾಕ್ ಕೋಬೆ ತಂಡ ಸೇರಿದರು. ಅಮೆರಿಕದ ಆ ಎರಡನೇ ಲೀಗ್ ಕೂಡ 2012ರಲ್ಲಿ ಮುಚ್ಚಿಹೋಯಿತು.

ಈಗ ಲೆಕ್ಕ ಹಾಕಿ. ತಮ್ಮ ದೇಶದ ಲೀಗ್ ಸೊರಗಿದ್ದು ಒಂದು, ಪರದೇಶದಲ್ಲಿ ಎರಡು. ಸಾವಾ ಜೊತೆ ಶುರು ಮಾಡಿದ ಎಷ್ಟೋ ಹುಡುಗಿಯರು ಇದರ ನಡುವೆ ಬಿಟ್ಟು ಹೋಗಿದ್ದರು. ಅವರ ತಪ್ಪೇನೂ ಇಲ್ಲ. ಜಪಾನಿನಲ್ಲಿ ಉಳಿದ ಹೆಚ್ಚಿನವರು ಹಗಲು ಕೆಲಸ ಮಾಡಿ ಸಂಜೆ ಪ್ರಾಕ್ಟೀಸ್ ಮಾಡುತ್ತಿದ್ದರು. ಅಂಗಡಿ, ಆಫೀಸು, ಕಾರ್ಖಾನೆ, ಯಾವ ಕೆಲಸ ಸಿಕ್ಕರೆ ಅದು. ವಿಶ್ವಕಪ್ ಗೆದ್ದ ತಂಡದಲ್ಲೂ ಹಾಗೆ ದುಡಿದು ಬಂದವರಿದ್ದರು. ಪೂರ್ತಿ ವೃತ್ತಿಪರವಾದ ಡಬ್ಲ್ಯುಇ ಲೀಗ್ ಜಪಾನಿನಲ್ಲಿ ಶುರುವಾದದ್ದು 2021ರಲ್ಲಿ. ಸಾವಾ ಬೂಟು ಕಳಚಿ ಆಗಲೇ ಸುಮಾರು ಆರು ವರ್ಷ ಕಳೆದಿತ್ತು.

ನಮ್ಮ ಶಾಲೆಯ ಟೀಮಿನ ಒಳ್ಳೊಳ್ಳೆ ಹುಡುಗಿಯರು ಎಸ್ಸೆಸ್ಸೆಲ್ಸಿ ಬಂದ ಕೂಡಲೇ ಆಟ ನಿಲ್ಲಿಸುತ್ತಿದ್ದರು. ಮನೆಯವರು ನನ್ನನ್ನು ಕೇಳುತ್ತಿದ್ದ ಮಾತು ಒಂದೇ: "ಮುಂದೆ ಏನು ಮೇಡಂ?" ನನ್ನ ಹತ್ತಿರ ಉತ್ತರ ಇರುತ್ತಿರಲಿಲ್ಲ. ಹಾಗಾಗಿ ಸಾವಾ ಬದುಕಿನಲ್ಲಿ ನನಗೆ ಜಾಸ್ತಿ ಮುಖ್ಯ ಅನ್ನಿಸುವುದು ಕಪ್ಪಿಗಿಂತ ಈ ವರ್ಷಗಳೇ.

ನಿಮ್ಮ ಪ್ರಕಾರ ಸಾವಾ ಆಡಿದ ಅತಿ ದೊಡ್ಡ ಪಂದ್ಯ 2011ರ ಫೈನಲ್ ತಾನೇ?
– ಓದುಗರು, ಶಿರಸಿ

ಅಲ್ಲ. 2004ರ ಏಪ್ರಿಲ್ 24, ಟೋಕಿಯೊದ ನ್ಯಾಷನಲ್ ಸ್ಟೇಡಿಯಂ, ಉತ್ತರ ಕೊರಿಯಾ ವಿರುದ್ಧ.

ಗೆದ್ದರೆ ಅಥೆನ್ಸ್ ಒಲಿಂಪಿಕ್ಸ್. ಸೋತರೆ ಎರಡನೇ ಸಲ ಒಲಿಂಪಿಕ್ಸ್ ಇಲ್ಲ. ಸಿಡ್ನಿ ತಪ್ಪಿದ್ದನ್ನು ಮೇಲೆ ಹೇಳಿದೆನಲ್ಲ. ಇನ್ನೊಂದು ಸಲ ತಪ್ಪಿದ್ದರೆ ಜಪಾನಿನಲ್ಲಿ ಹೆಂಗಸರ ಫುಟ್‌ಬಾಲ್‌ಗೆ ದುಡ್ಡು ಹಾಕಲು ಯಾರು ಉಳಿಯುತ್ತಿದ್ದರೋ! ಉತ್ತರ ಕೊರಿಯಾ ಆಗ ಏಷ್ಯಾದ ಬಲಿಷ್ಠ ತಂಡ. ಸಾವಾ ಅವರ ಮೊಣಕಾಲಿಗೆ ಸರಿಯಾದ ಪೆಟ್ಟು ಬಿದ್ದಿತ್ತು. ನೋವು ತಡೆಯಲು ಮದ್ದು ತೆಗೆದುಕೊಂಡೇ ಮೈದಾನಕ್ಕೆ ಇಳಿದರು.

31 ಸಾವಿರ ಜನ ಬಂದಿದ್ದರು. ಪಂದ್ಯ ಶುರುವಾದ ಸ್ವಲ್ಪ ಹೊತ್ತಿಗೇ ಸಾವಾ ಎದುರಾಳಿಗೆ ಮೈ ಒಡ್ಡಿ ಚೆಂಡು ಕಿತ್ತುಕೊಂಡರು. ಕಾಲು ನೋಯುತ್ತಿರುವವರು ಯಾರಾದರೂ ಹಾಗೆ ಮಾಡುತ್ತಾರಾ? ಉಳಿದ ಹತ್ತು ಜನಕ್ಕೆ ಬೇರೆ ಮಾತೇ ಬೇಕಾಗಲಿಲ್ಲ. ಜಪಾನ್ 3–0 ಗೆದ್ದಿತು. "ನಾದೆಶಿಕೊ ಜಪಾನ್" ಅಂತ ಈಗ ಎಲ್ಲರೂ ಕರೆಯುವ ಹೆಸರು ತಂಡಕ್ಕೆ ಬಂದದ್ದು ಅದೇ ವರ್ಷ.

ನಾಲ್ಕು ವರ್ಷ ಆದ ಮೇಲೆ ಬೀಜಿಂಗ್ ಒಲಿಂಪಿಕ್ಸ್. ಕಂಚಿನ ಪದಕದ ಪಂದ್ಯಕ್ಕೆ ಮೊದಲು ಸಾವಾ ಕಿರಿಯರಿಗೆ ಹೇಳಿದ ಮಾತು ಜಪಾನಿನಲ್ಲಿ ಈಗ ಎಲ್ಲರಿಗೂ ಗೊತ್ತು: ಕಷ್ಟ ಅನ್ನಿಸಿದಾಗ ನನ್ನ ಬೆನ್ನು ನೋಡಿ. ಆ ಪಂದ್ಯದಲ್ಲಿ ಜಪಾನ್ ಜರ್ಮನಿಗೆ ಸೋತಿತು. ಮಾತು ಮಾತ್ರ ಉಳಿಯಿತು, ಯಾಕಂದ್ರೆ ಟೋಕಿಯೊದಲ್ಲಿ ಆ ಬೆನ್ನನ್ನು ನೋಡಿದವರು ತಂಡದಲ್ಲಿ ಇದ್ದರು.

2011ರಲ್ಲಿ ಜಪಾನಿನಲ್ಲಿ ಸುನಾಮಿ ಆಗಿತ್ತಲ್ಲ. ಅದಕ್ಕೂ ಈ ತಂಡಕ್ಕೂ ಏನಾದರೂ ಸಂಬಂಧ ಇದೆಯೇ?
– ನಿವೃತ್ತ ಶಿಕ್ಷಕರು, ಕುಂದಾಪುರ

ಇದೆ ಸರ್, ತುಂಬಾ ಹತ್ತಿರದ ಸಂಬಂಧ. ಭೂಕಂಪ, ಸುನಾಮಿ ಬಂದದ್ದು ಮಾರ್ಚ್ 11ಕ್ಕೆ. ವಿಶ್ವಕಪ್ ಶುರುವಾದದ್ದು ಜೂನ್ ಕೊನೆಗೆ. ಫುಕುಶಿಮಾದ ಅಣು ವಿದ್ಯುತ್ ಸ್ಥಾವರ ನಡೆಸುತ್ತಿದ್ದ ಟೆಪ್ಕೊ ಕಂಪನಿಗೆ ಮರೀಜ್ ಅನ್ನುವ ಒಂದು ಮಹಿಳಾ ತಂಡ ಇತ್ತು. ಅದರ ಆಟಗಾರ್ತಿಯರು ಹಗಲು ಸ್ಥಾವರದಲ್ಲಿ ಕೆಲಸ ಮಾಡಿ ಆಮೇಲೆ ಪ್ರಾಕ್ಟೀಸಿಗೆ ಹೋಗುತ್ತಿದ್ದರು. ದುರಂತದ ನಂತರ ಆ ತಂಡ ಆಟ ನಿಲ್ಲಿಸಿತು. ಅವರು ಪ್ರಾಕ್ಟೀಸ್ ಮಾಡುತ್ತಿದ್ದ ಜೆ-ವಿಲೇಜ್ ಮೈದಾನ ಸ್ಥಾವರದ ಪರಿಹಾರ ಕೆಲಸಗಾರರ ನೆಲೆಯಾಯಿತು.

ವಿಶ್ವಕಪ್ ತಂಡದ ಡಿಫೆಂಡರ್ ಅಯಾ ಸಮೆಶಿಮಾ ಅಲ್ಲಿಂದಲೇ ಬಂದವರು. ಕರಿನಾ ಮರುಯಾಮಾ ಕೂಡ ಹಿಂದೆ ಅಲ್ಲಿ ದುಡಿದು ಆಡಿದವರು. ಕ್ವಾರ್ಟರ್ ಫೈನಲ್‌ನಲ್ಲಿ ಜರ್ಮನಿ ಎದುರು. ಹಿಂದಿನ ಎರಡು ವಿಶ್ವಕಪ್ ಗೆದ್ದ ತಂಡ, ಅದೂ ಅವರದೇ ನೆಲದಲ್ಲಿ. ಪಂದ್ಯಕ್ಕೆ ಮೊದಲು ಕೋಚ್ ನೊರಿಯೊ ಸಾಸಾಕಿ ಆಟಗಾರ್ತಿಯರಿಗೆ ದುರಂತದ ಚಿತ್ರಗಳನ್ನು ತೋರಿಸಿದರು. 108ನೇ ನಿಮಿಷದಲ್ಲಿ ಸಾವಾ ಡಿಫೆಂಡರ್‌ಗಳ ಹಿಂದಕ್ಕೆ ಒಂದು ಪಾಸ್ ಹಾಕಿದರು. ಬೆನ್ನಟ್ಟಿ ಹೋಗಿ, ಕಿರಿದಾದ ಕೋನದಿಂದ ಗೋಲು ಹೊಡೆದವರು ಅದೇ ಮರುಯಾಮಾ. ಬದಲಿ ಆಟಗಾರ್ತಿಯಾಗಿ ಇಳಿದಿದ್ದವರು. 1–0. ನನಗೆ ಇದನ್ನು ಬರೆಯುವಾಗಲೂ ಮೈ ಜುಮ್ ಅನ್ನುತ್ತದೆ.

ಪಂದ್ಯ ಮುಗಿದ ಮೇಲೆ ತಂಡದವರು ಒಂದು ಬ್ಯಾನರ್ ಹಿಡಿದು ಮೈದಾನ ಸುತ್ತುತ್ತಿದ್ದರು. ಜಗತ್ತಿನ ಗೆಳೆಯರೇ, ನಿಮ್ಮ ಬೆಂಬಲಕ್ಕೆ ಧನ್ಯವಾದ ಅಂತ ಅದರಲ್ಲಿತ್ತು.

ಸಾವಾ ಎಷ್ಟು ಪಂದ್ಯ ಆಡಿದ್ದಾರೆ? ಒಟ್ಟು ಗೋಲು?
– ಹೈಸ್ಕೂಲ್ ವಿದ್ಯಾರ್ಥಿ, ಗದಗ

ಜಪಾನ್ ಪರ 205 ಪಂದ್ಯ, 83 ಗೋಲು. ಆರು ವಿಶ್ವಕಪ್, ನಾಲ್ಕು ಒಲಿಂಪಿಕ್ಸ್. 2011ರಲ್ಲಿ ಮೆಕ್ಸಿಕೊ ವಿರುದ್ಧ ಹ್ಯಾಟ್ರಿಕ್ ಹೊಡೆದ ದಿನ, ಜಪಾನಿನ ಗಂಡಸರ ತಂಡದ ದಂತಕಥೆ ಕುನಿಶಿಗೆ ಕಾಮಾಮೊಟೊ ಅವರ 75 ಗೋಲುಗಳ ದಾಖಲೆಯನ್ನೂ ದಾಟಿದರು.

ವಿಶ್ವಕಪ್ ಗೆದ್ದ ಮೇಲೆ ಗಂಡಸರಷ್ಟೇ ಗೌರವ ಸಿಕ್ಕಿತೇ?
– ಓದುಗರು, ಬೆಂಗಳೂರು

ಹೆಸರು ಸಿಕ್ಕಿತು. 2012ರ ಜನವರಿಯಲ್ಲಿ ಸಾವಾ ಕಿಮೊನೊ ಉಟ್ಟು ವೇದಿಕೆಗೆ ಬಂದು ಫಿಫಾದ ವರ್ಷದ ಆಟಗಾರ್ತಿ ಪ್ರಶಸ್ತಿ ತೆಗೆದುಕೊಂಡರು. ಏಷ್ಯಾದಿಂದ ಅವರೇ ಮೊದಲಿಗರು. ಸಾಸಾಕಿ ಅವರಿಗೂ ವರ್ಷದ ಕೋಚ್ ಪ್ರಶಸ್ತಿ ಬಂತು.

ಆದರೆ ಅದೇ ವರ್ಷ ಜುಲೈನಲ್ಲಿ ಲಂಡನ್ ಒಲಿಂಪಿಕ್ಸ್‌ಗೆ ಹೊರಟಾಗ ಏನಾಯಿತು ನೋಡಿ. ಒಂದೇ ವಿಮಾನ. 23 ವರ್ಷದೊಳಗಿನ ಗಂಡುಮಕ್ಕಳ ತಂಡ ಬಿಸಿನೆಸ್ ಕ್ಲಾಸ್‌ನಲ್ಲಿ. ವಿಶ್ವಚಾಂಪಿಯನ್ ಹೆಂಗಸರು ಹಿಂದಿನ ಸೀಟುಗಳಲ್ಲಿ. ಇದು ತಿರುಗಾಮುರುಗಾ ಆಗಬೇಕಿತ್ತು, ವಯಸ್ಸಿನ ಲೆಕ್ಕದಲ್ಲಾದರೂ ನಾವೇ ಹಿರಿಯರಲ್ಲವೇ ಅಂತ ಸಾವಾ ಪತ್ರಕರ್ತರಿಗೆ ನೇರವಾಗಿ ಹೇಳಿದರು. ಆ ವರ್ಷದ ಶುರುವಿನಲ್ಲಿ ತಲೆಸುತ್ತಿನ ಕಾಯಿಲೆಯಿಂದ ಅವರು ಆಟದಿಂದಲೇ ಸ್ವಲ್ಪ ಕಾಲ ದೂರ ಇರಬೇಕಾಗಿತ್ತು, ಅದರಿಂದ ಎದ್ದು ಬಂದಿದ್ದರು. ವೆಂಬ್ಲಿಯಲ್ಲಿ 80 ಸಾವಿರ ಜನರ ಮುಂದೆ ಫೈನಲ್ ಆಡಿ, ಅಮೆರಿಕಕ್ಕೆ 2–1ರಿಂದ ಸೋತು ಬೆಳ್ಳಿ ತಂದರು. ವಾಪಸ್ ಬರುವಾಗ ಬಿಸಿನೆಸ್ ಕ್ಲಾಸ್ ಕೊಟ್ಟರು. ಗೆದ್ದು ಬಂದರೆ ಮಾತ್ರ ಸೀಟು ಅನ್ನುವ ಈ ಲೆಕ್ಕ ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ಗಂಡುಮಕ್ಕಳಿಗೆ ಹೊರಡುವಾಗಲೇ ಕೊಟ್ಟಿದ್ದರಲ್ಲ.

ಎಲ್ಲರೂ ಸಾವಾ, ಸಾವಾ ಅನ್ನುತ್ತೀರಿ. ಫೈನಲ್‌ನಲ್ಲಿ ಒಂದು ಗೋಲು ಹೊಡೆದು, ಇನ್ನೊಂದಕ್ಕೆ ಕಾರ್ನರ್ ಕೊಟ್ಟ ಮಿಯಾಮಾಳನ್ನು ಯಾಕೆ ಮರೆಯುತ್ತೀರಿ?
– ಫುಟ್‌ಬಾಲ್ ಆಟಗಾರ್ತಿ, ಬೆಳಗಾವಿ

ಸರಿಯಾಗಿ ಕೇಳಿದೆ. ಅಯಾ ಮಿಯಾಮಾ ಇಲ್ಲದೆ ಆ ಕಪ್ ಇಲ್ಲ. ಎರಡು ಕಾಲಲ್ಲೂ ಒಂದೇ ಥರ ಹೊಡೆಯುವವರು. ಒಕಾಯಾಮಾ ಕಡೆಯ ಯುನೊಗೊ ಅನ್ನುವ ಬಿಸಿನೀರಿನ ಬುಗ್ಗೆಯ ಸಣ್ಣ ಊರಿನ ತಂಡದಲ್ಲಿ ವರ್ಷಗಟ್ಟಲೆ ಆಡಿದರು. 2012ರಿಂದ ಸಾವಾ ಬದಲು ಅವರೇ ನಾಯಕಿ. ಫ್ರಾಂಕ್‌ಫರ್ಟ್‌ನಲ್ಲಿ ಗೆದ್ದ ಕ್ಷಣ ಜಪಾನಿನವರೆಲ್ಲ ಕುಣಿಯುತ್ತಿದ್ದಾಗ ಮಿಯಾಮಾ ಮೊದಲು ಅಮೆರಿಕದ ಆಟಗಾರ್ತಿಯರ ಹತ್ತಿರ ಹೋಗಿ ಸಮಾಧಾನ ಹೇಳಿದರು. ಬರೀ ಆಟದ ಕೈಚಳಕ ನೋಡಿದರೆ ಅವರೇ ಒಂದು ಕೈ ಮೇಲು ಅಂತ ನನಗೂ ಅನ್ನಿಸುತ್ತದೆ. ಆದರೆ ಮಿಯಾಮಾ ಪೀಳಿಗೆಗೆ ಆಡಲು ಒಂದು ತಂಡ, ಒಂದು ಲೀಗ್ ಉಳಿದಿತ್ತಲ್ಲ, ಅದರಲ್ಲಿ 2004ರ ಆ ಮೊಣಕಾಲಿನ ಪಾಲು ದೊಡ್ಡದು.

ಅವರು ಯಾವಾಗ ನಿವೃತ್ತಿ ಆದರು? ಈಗ ಸಂಸಾರ?
– ಗೃಹಿಣಿ, ಮಂಡ್ಯ

2015ರಲ್ಲಿ. ಆ ವರ್ಷ ಕೆನಡಾದಲ್ಲಿ ಆರನೇ ವಿಶ್ವಕಪ್. ಫೈನಲ್‌ನಲ್ಲಿ ಅಮೆರಿಕದ ಕಾರ್ಲಿ ಲಾಯ್ಡ್ 16 ನಿಮಿಷದಲ್ಲಿ ಮೂರು ಗೋಲು ಹೊಡೆದು ಮುಗಿಸಿಬಿಟ್ಟರು. 33ನೇ ನಿಮಿಷಕ್ಕೆ ಸಾವಾ ಅವರನ್ನು ಮೈದಾನಕ್ಕೆ ಇಳಿಸಿದರೂ ಪಂದ್ಯ ಕೈ ಮೀರಿತ್ತು, 5–2. ಆಗಸ್ಟ್‌ನಲ್ಲಿ ಮದುವೆ ಆದರು, ಗಂಡನೂ ಹಿಂದೆ ಫುಟ್‌ಬಾಲ್ ಆಡಿದವರೇ. ಡಿಸೆಂಬರ್‌ನಲ್ಲಿ, ಮೇಲ್ಮಟ್ಟದಲ್ಲಿ ಆಡಲು ಮನಸ್ಸು ಮೈ ಎರಡೂ ಒಟ್ಟಿಗೆ ಸಾಗುವುದು ಕಷ್ಟವಾಗುತ್ತಿದೆ ಅಂತ ಹೇಳಿ ನಿವೃತ್ತಿ ಘೋಷಿಸಿದರು. ಕೊನೆಯ ಪಂದ್ಯ ಡಿಸೆಂಬರ್ 27ರಂದು, ಜಪಾನಿನ ಮಹಿಳಾ ತಂಡಗಳ ಎಂಪ್ರೆಸ್ ಕಪ್ ಫೈನಲ್, ನೀಗಾತಾ ತಂಡದ ವಿರುದ್ಧ. 78ನೇ ನಿಮಿಷದಲ್ಲಿ ಕಾರ್ನರ್‌ಗೆ ತಲೆ ಕೊಟ್ಟು ಸಾವಾ ಹೊಡೆದದ್ದೇ ಪಂದ್ಯದ ಏಕೈಕ ಗೋಲು. 37 ವರ್ಷ ಆಗಿತ್ತು. 2017ರ ಜನವರಿಯಲ್ಲಿ ಮಗಳು ಹುಟ್ಟಿದಳು.

ನಮ್ಮ ಹುಡುಗಿಯರ ಟೀಮಿಗೆ ಸಾವಾ ಆಡಿದ ಒಂದೇ ಒಂದು ಪಂದ್ಯ ತೋರಿಸಬೇಕು. ಯಾವುದು ತೋರಿಸಲಿ?
– ಪಿಟಿ ಟೀಚರ್, ಚಿಕ್ಕಮಗಳೂರು

ಫೈನಲ್ ಬೇಡ. ಅದರ ಹಿಂದಿನದು, ಸ್ವೀಡನ್ ವಿರುದ್ಧದ 2011ರ ಸೆಮಿಫೈನಲ್ ತೋರಿಸಿ. ಶುರುವಿನಲ್ಲೇ ಸಾವಾ ಕೊಟ್ಟ ಒಂದು ಕೆಟ್ಟ ಪಾಸ್ ಎದುರಾಳಿ ಪಾಲಾಗಿ, 10ನೇ ನಿಮಿಷಕ್ಕೆ ಸ್ವೀಡನ್ ಗೋಲು ಹೊಡೆಯಿತು. ಅಲ್ಲಿ ವಿಡಿಯೊ ನಿಲ್ಲಿಸಿ ಮಕ್ಕಳನ್ನು ಕೇಳಿ, ನೀವಾಗಿದ್ದರೆ ಮುಂದಿನ ಪಾಸ್ ಯಾರಿಗೆ ಕೊಡುತ್ತಿದ್ದಿರಿ ಅಂತ. ಹೆಚ್ಚಿನವರು ಹಿಂದಕ್ಕೆ, ಗೋಲ್‌ಕೀಪರ್‌ಗೆ ಅನ್ನುತ್ತಾರೆ. ಆಮೇಲೆ ಮುಂದುವರಿಸಿ. ಸಾವಾ ಮತ್ತೆ ಚೆಂಡು ಕೇಳುತ್ತಾರೆ, ಮತ್ತೆ ಮುಂದಕ್ಕೇ ಆಡುತ್ತಾರೆ. ನಹೊಮಿ ಕವಾಸುಮಿ ಸಮ ಮಾಡಿದ ಮೇಲೆ 60ನೇ ನಿಮಿಷದಲ್ಲಿ ಸಾವಾ ತಲೆಯಿಂದ ಹೊಡೆದ ಗೋಲು ಬರುತ್ತದೆ, ನಾಲ್ಕೇ ನಿಮಿಷಕ್ಕೆ ಕವಾಸುಮಿ ದೂರದಿಂದ ಹೊಡೆದ ಮೂರನೆಯದು. ಎರಡು ಗಂಟೆ ಬೇಕು. ಒಂದೇ ದಿನ ಕೂರದಿದ್ದರೆ ಮೊದಲರ್ಧ ಶುಕ್ರವಾರ, ಉಳಿದದ್ದು ಶನಿವಾರ ತೋರಿಸಿ. ನೋಡಿದ ಮಾರನೇ ದಿನವೇ ಪ್ರಾಕ್ಟೀಸ್ ಇಟ್ಟುಕೊಳ್ಳಿ.